ಸೀಡಿಯ ಲೆಕ್ಕವೂ ಬಲಗೈಯ ವ್ಯವಹಾರವೂ

ಪರದೇಶಕ್ಕೆ ಹೊರಡುವ ನಮ್ಮವರು ವಿಮಾನದ ದರವನ್ನೂ ವಸತಿಯ ಬಾಡಿಗೆಯನ್ನೂ ಕೂಡಿಸಿದೊಡನೆ ಆಯವ್ಯಯ ಸಿದ್ಧವಾಯಿತೆಂದು ಭಾವಿಸುವುದುಂಟು. ಆದರೆ ತೇಮಾ ಬಂದರಿನಲ್ಲಿ ಉದ್ಯೋಗದಲ್ಲಿರುವ ಸೋದರಳಿಯನ ಆಗ್ರಹಕ್ಕೆ ಮಣಿದು ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗಿಬಂದ ಮೇಲೆ, ಆ ಪಟ್ಟಿಯಲ್ಲಿ ಶಿಷ್ಟಾಚಾರಕ್ಕೂ ಒಂದು ಬಾಬು ಇರಬೇಕೆಂಬುದು ನನಗೆ ದೃಢವಾಗಿದೆ.

ಮೊದಲು ಹಣದ ಮಾತು. ನಮ್ಮ ರೂಪಾಯಿ ಅಲ್ಲಿ ನಡೆಯುವುದಿಲ್ಲವಾದುದರಿಂದ ಡಾಲರನ್ನು ಇಲ್ಲಿಂದಲೇ ಕೊಂಡೊಯ್ಯತಕ್ಕದ್ದು. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರು ರಿಸರ್ವ್ ಬ್ಯಾಂಕ್ ವಿಧಿಸಿದ ಮಿತಿ. 100, 50ರ ಗರಿಗರಿ ನೋಟುಗಳಿಗೆ ರಾಜಧಾನಿ ಆಕ್ರಾದ ವಿನಿಮಯದಂಗಡಿಗಳಲ್ಲಿ ದೊರೆಯುವ ದರ 5, 10ರ ಪುಡಿನೋಟುಗಳಿಗೆ ದೊರೆಯದು. ಇದ್ದುದೆಲ್ಲವನ್ನೂ ಒಮ್ಮೆಗೇ ಅಲ್ಲಿನ ನಾಣ್ಯವಾದ ಸೀಡಿಯಾಗಿ ಪರಿವರ್ತಿಸುವುದೂ ಜಾಣತನವಲ್ಲ. 2022ರ ಕೊನೆಯಲ್ಲಿ ಹಣದುಬ್ಬರವು ಶೇಕಡಾ 50ನ್ನು ದಾಟಿದ್ದ ನಾಡು ಅದು. ಹಣದ ಬೆಲೆ ಎಲ್ಲ ಕಡೆಯೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. ನಾವು ನಿಕೃಷ್ಟವಾದುದನ್ನು ಕವಡೆಕಾಸಿನ ಬೆಲೆಯದೆಂದು ಹಳಿಯುತ್ತೇವಲ್ಲ, ಮಾಲ್ದೀವಿನ ಅದೇ ಕವಡೆ ಯೂರೋಪಿನ ಹಡಗುಗಳನ್ನೇರಿ ಹೋಗಿ ಆ ತೀರದಲ್ಲಿ ಶತಮಾನಗಳ ಕಾಲ ನಾಣ್ಯವಾಗಿ ಮೆರೆದಿತ್ತು.

2007ರ ಜುಲೈನಲ್ಲಿ ಘಾನಾ ಸರ್ಕಾರವು ನಾಲ್ಕು ಸೊನ್ನೆಗಳನ್ನು ಅಳಿಸಿ, 10,000 ಹಳೆಯ ಸೀಡಿಗೆ ಒಂದು ಹೊಸ ಸೀಡಿಯೆಂದು ನಿರ್ಣಯಿಸಿತಾದರೂ ಹಿರಿಯರ ನಾಲಗೆ ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಐವತ್ತು ಸಾವಿರವೆಂದು ಕೇಳಿದರೆ ಬೆದರಬೇಕಾಗಿಲ್ಲ, ಅದು ಐದೇ ಸೀಡಿ. 1957ರಲ್ಲಿ ನಯಾಪೈಸೆ ಬಂದು ದಶಕಗಳು ಕಳೆದ ಮೇಲೂ ನಾಲ್ಕಾಣೆ ಎಂಟಾಣೆಗಳ ಲೆಕ್ಕವನ್ನು ಬಿಡದಿದ್ದ ನಮಗೆ ಇದರಲ್ಲಿ ಆಶ್ಚರ್ಯವೇನು?

ಆಕ್ರಾದ ಮಕೋಲಾ ಮಾರುಕಟ್ಟೆಯಲ್ಲಿ ವ್ಯಾಪಾರವೆಲ್ಲ ಬಹುಮಟ್ಟಿಗೆ ಸ್ತ್ರೀಯರ ಕೈಯಲ್ಲಿದೆ. ಅಲ್ಲಿ ಕ್ಷೇಮಸಮಾಚಾರಕ್ಕೆ ಮುನ್ನ ಬೆಲೆಯನ್ನು ಕೇಳುವುದು ಒರಟುತನವೆನಿಸುತ್ತದೆ. ಎಡಗೈಯಿಂದ ಹಣ ಕೊಡುವುದಂತೂ ಅಪಮಾನವೇ. ಅವರೆಕಾಳಿನಂಥ ಕಾಳುಗಳನ್ನು ಮಾರುತ್ತಿದ್ದ ಒಬ್ಬ ಗೃಹಿಣಿ, ಬೆನ್ನಿಗೆ ಕಟ್ಟಿಕೊಂಡ ಕೂಸನ್ನು ಎಡಗೈಯಿಂದ ತಟ್ಟುತ್ತಲೇ, ಒಲೊಂಕಾ ಎಂಬ ತಗಡಿನ ಡಬ್ಬಿಯಲ್ಲಿ ಕಾಳನ್ನು ಅಳೆದು, ತುದಿಯಲ್ಲಿ ಗೋಪುರವೆದ್ದು ಕಾಳು ಹೊರಕ್ಕೆ ಉರುಳುವವರೆಗೂ ತುಂಬಿ, ನನ್ನ ಚೀಲಕ್ಕೆ ಸುರಿದಳು. ನಾನು ದರವನ್ನು ಇಳಿಸೆನ್ನಲಿಲ್ಲ; ಸೋದರಳಿಯ ಹೇಳಿಕೊಟ್ಟಿದ್ದಂತೆ, ಅಮ್ಮಾ, ಸ್ವಲ್ಪ ಕೊಸರು ಹಾಕು ಎಂಬರ್ಥದ ಎರಡು ಮಾತನ್ನಾಡಿದೆ. ಆಕೆ ನಕ್ಕು ಬಲಗೈಯಿಂದ ಇನ್ನೊಂದು ಹಿಡಿಯಷ್ಟನ್ನು ಚೀಲಕ್ಕೆ ಹಾಕಿದಳು. ದರದಲ್ಲಿ ಕಡಿತ ಕೇಳಿದರೆ ಮಾರುವವಳ ಮುಖ ಬಾಡುತ್ತದೆ, ಕೊಸರು ಕೇಳಿದರೆ ಅರಳುತ್ತದೆ. ಕೊಳ್ಳುವವನಿಗೆ ಆಗುವ ಉಳಿತಾಯ ಮಾತ್ರ ಹೆಚ್ಚುಕಡಿಮೆ ಒಂದೇ.

ಟ್ರೋಟ್ರೋ ಎಂಬ ಹಂಚಿಕೆಯ ವ್ಯಾನುಗಳಲ್ಲಿ ದರ ನಿಗದಿಯಾಗಿರುವುದರಿಂದ ಚೌಕಾಸಿಗೆ ಎಡೆಯಿಲ್ಲ, ಚಿಲ್ಲರೆ ಮಾತ್ರ ಕೈಯಲ್ಲಿರಬೇಕು. ಬಾಡಿಗೆಯ ಟ್ಯಾಕ್ಸಿಯಲ್ಲಾದರೋ ಹತ್ತುವ ಮುನ್ನವೇ ಮಾತು ಮುಗಿಸತಕ್ಕದ್ದು.

ಕುಮಾಸಿ ನಗರದ ಸುತ್ತಣ ಗ್ರಾಮವೊಂದರ ಮುಖ್ಯಸ್ಥರನ್ನು ಕಾಣಲು ಹೋದಾಗ ಶ್ನಾಪ್ಸ್ ಎಂಬ ಮದ್ಯದ ಸೀಸೆಯನ್ನು ಕಾಣಿಕೆಯಾಗಿ ಒಯ್ಯುವುದು ಸಂಪ್ರದಾಯವೆಂದು ತಿಳಿಯಿತು. ಆಜನ್ಮ ಮದ್ಯವರ್ಜಿತನಾದ ನನ್ನ ಖರ್ಚಿನ ಪುಸ್ತಕದಲ್ಲಿ ಆ ಬಾಬು ಈಗಲೂ ಮನೆಯಾಕೆಯ ಹುಬ್ಬೇರಿಸುತ್ತದೆ. ಮುಖ್ಯಸ್ಥರೊಡನೆ ನೇರವಾಗಿ ಮಾತನಾಡುವಂತಿಲ್ಲ, ಅವರ ವಕ್ತಾರನ ಮೂಲಕವೇ ನಿವೇದಿಸಬೇಕು. ಅವರೆದುರು ಕಾಲಮೇಲೆ ಕಾಲು ಹಾಕುವುದೂ ಸಲ್ಲದು.

ಇನ್ನುಳಿದದ್ದು ಹಳದಿ ಜ್ವರದ ಲಸಿಕೆ. ಪ್ರವೇಶಕ್ಕೆ ಅದರ ಪ್ರಮಾಣಪತ್ರ ಕಡ್ಡಾಯ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು, ಒಮ್ಮೆ ಹಾಕಿಸಿದರೆ ಆಜೀವ ಸಿಂಧು. ಪತ್ರವಿಲ್ಲದೆ ಹಿಂದಿರುಗಿದವನನ್ನು ನಮ್ಮ ಅಧಿಕಾರಿಗಳು 6 ದಿನದವರೆಗೆ ಪ್ರತ್ಯೇಕವಾಗಿರಿಸಬಲ್ಲರು. ಮಿಕ್ಕ ಸೀಡಿಯನ್ನು ಆಕ್ರಾದಲ್ಲಿಯೇ ಡಾಲರಿಗೆ ತಿರುಗಿಸಿ, ಪಾಸ್‌ಪೋರ್ಟಿನ ಮಗ್ಗುಲಲ್ಲಿ ಲಸಿಕೆಯ ಆ ಹಳದಿ ಪುಸ್ತಿಕೆಯಿದೆಯೇ ಎಂದು ನೋಡಿಕೊಂಡು ವಿಮಾನವನ್ನು ಹತ್ತಬಹುದು.