ಏಜಾಕ್ಸ್‌ನ ಐತಿಹ್ಯ: ವೀರಮರಣ ಮತ್ತು ಸಂಸ್ಕಾರದ ಪ್ರಶ್ನೆ

ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಆಧಾರವಾದ ಸೊಫೋಕ್ಲಿಸ್‌ನ ‘ಏಜಾಕ್ಸ್’ ಕೃತಿಯ ರಚನೆಯನ್ನು ಕುರಿತು ಒಂದು ಹಳೆಯ ಆಕ್ಷೇಪವಿದೆ. 1420 ಸಾಲುಗಳ ಈ ನಾಟಕದಲ್ಲಿ ನಾಯಕನ ಕೊನೆಯ ಮಾತು 865ನೆಯ ಸಾಲಿಗೇ ಮುಗಿಯುತ್ತದೆ. ಉಳಿದ ಭಾಗದ ಬಹುಪಾಲು ಅವನ ಶವಸಂಸ್ಕಾರವನ್ನು ಕುರಿತ ವಾಗ್ವಾದ. ಆದ್ದರಿಂದ ನಾಟಕ ಎರಡು ಹೋಳಾಗಿದೆ ಎಂಬುದು ಆಕ್ಷೇಪದ ಸಾರ. ಐತಿಹ್ಯದ ಬೆಳವಣಿಗೆಯನ್ನು ಗಮನಿಸಿದರೆ ಈ ಉತ್ತರಾರ್ಧವೇ ಕೃತಿಯ ಗುರಿ ಎಂಬುದು ಪ್ರಸ್ತುತ ಲೇಖನದ ನಿಲುವು.

ಸಲಾಮಿಸ್ ದ್ವೀಪದ ಟೆಲಮಾನನ ಮಗನಾದ ಏಜಾಕ್ಸ್, ‘ಇಲಿಯಡ್’ನಲ್ಲಿ ಅಕಿಲೀಸನನ್ನು ಬಿಟ್ಟರೆ ಗ್ರೀಕರ ಅತ್ಯಂತ ಬಲಶಾಲಿ ವೀರ. ಏಳನೆಯ ಕಾಂಡದಲ್ಲಿ ಹೆಕ್ಟರನೊಡನೆ ಅವನು ನಡೆಸಿದ ದ್ವಂದ್ವಯುದ್ಧ ನಿರ್ಣಯವಾಗದೆ ನಿಲ್ಲುತ್ತದೆ. ಇಬ್ಬರೂ ಉಡುಗೊರೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಹೆಕ್ಟರ್ ಕೊಟ್ಟದ್ದು ತನ್ನ ಖಡ್ಗವನ್ನು. ಅಕಿಲೀಸನ ಮರಣಾನಂತರ ಅವನ ಆಯುಧಗಳು ಏಜಾಕ್ಸನಿಗೆ ದಕ್ಕದೆ ಒಡಿಸ್ಯೂಸನ ಪಾಲಾದವು. ‘ಒಡಿಸ್ಸಿ’ಯ ಹನ್ನೊಂದನೆಯ ಕಾಂಡದಲ್ಲಿ, ಮೃತರ ಲೋಕಕ್ಕೆ ಬಂದ ಒಡಿಸ್ಯೂಸ್ ಸಮಾಧಾನದ ಮಾತಾಡಿದರೂ ಏಜಾಕ್ಸನ ಪ್ರೇತ ಉತ್ತರಿಸದೆ ಸರಿದುಹೋಗುತ್ತದೆ. ಹೋಮರನಲ್ಲಿ ಈ ವೈರಕ್ಕೆ ಪರಿಹಾರವಿಲ್ಲ.

ಸೊಫೋಕ್ಲಿಸ್ ಈ ಮೌನವನ್ನು ಮತ್ತೊಂದು ದಿಕ್ಕಿನಿಂದ ಪ್ರವೇಶಿಸುತ್ತಾನೆ. ಸೇಡಿಗೆಂದು ರಾತ್ರಿ ಹೊರಟ ಏಜಾಕ್ಸ್, ಅಥೀನಾ ದೇವಿ ಕವಿಸಿದ ಭ್ರಾಂತಿಯಲ್ಲಿ ಶತ್ರುಗಳೆಂದು ಭಾವಿಸಿ ಪಶುಗಳನ್ನು ಕೊಲ್ಲುತ್ತಾನೆ. ಭ್ರಾಂತಿ ಹರಿದಾಗ ಅಪಮಾನ ತಾಳಲಾರದೆ, ಹೆಕ್ಟರನ ಖಡ್ಗವನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದು ಸಾಯುತ್ತಾನೆ. ಮೆನೆಲಾಸ್, ಅಗಮೆಮ್ನಾನ್ ಇಬ್ಬರೂ ಸಂಸ್ಕಾರವನ್ನು ನಿಷೇಧಿಸುತ್ತಾರೆ. ಸೋದರ ಟ್ಯೂಸರ್ ಪ್ರತಿಭಟಿಸುತ್ತಾನೆ. ಕೊನೆಗೆ ಅನುಮತಿ ದೊರಕಿಸುವವನು ಒಡಿಸ್ಯೂಸನೇ. ಸತ್ತ ವೈರಿಯ ಹಿರಿಮೆಯನ್ನು ಒಪ್ಪಿಕೊಳ್ಳುವುದು ನ್ಯಾಯವೆಂಬುದು ಅವನ ವಾದ. ನಾಟಕದ ಆರಂಭದಲ್ಲಿಯೇ, ಭ್ರಾಂತನಾದ ವೈರಿಯನ್ನು ಕಂಡು ನಗಲು ನಿರಾಕರಿಸಿದವನು ಅವನು. ಹೀಗೆ ಪೂರ್ವಾರ್ಧದ ಕರುಣೆ ಉತ್ತರಾರ್ಧದ ತೀರ್ಮಾನವಾಗಿ ಫಲಿಸುತ್ತದೆ.

ಅಥೆನ್ಸಿನ ಪ್ರೇಕ್ಷಕರಿಗೆ ಈ ತೀರ್ಮಾನ ಕೇವಲ ಕಥೆಯಾಗಿರಲಿಲ್ಲ. ಕ್ರಿ.ಪೂ. 508-07ರಲ್ಲಿ ಕ್ಲೈಸ್ಥೆನೀಸ್ ರೂಪಿಸಿದ ಹತ್ತು ಕುಲಗಳಲ್ಲಿ ಒಂದಕ್ಕೆ ಏಜಾಕ್ಸನ ಹೆಸರಿತ್ತು. ಕ್ರಿ.ಪೂ. 480ರ ಸಲಾಮಿಸ್ ಕದನಕ್ಕೆ ಮುನ್ನ ಗ್ರೀಕರು ಏಜಾಕ್ಸ್ ಮತ್ತು ಟೆಲಮಾನರನ್ನು ನೆರವಿಗೆ ಆವಾಹಿಸಿದರೆಂದು ಹೆರೊಡೋಟಸ್ ದಾಖಲಿಸಿದ್ದಾನೆ. ಗ್ರೀಕರ ವೀರಾರಾಧನೆಗೆ ಸಾಮಾನ್ಯವಾಗಿ ಸಮಾಧಿಯೇ ಕೇಂದ್ರ. ಸಂಸ್ಕಾರ ನಿಂತುಹೋದರೆ ಏಜಾಕ್ಸ್ ಕಳಂಕಿತ ಯೋಧನಾಗಿ ಉಳಿಯುತ್ತಾನೆ; ನಡೆದರೆ ಕುಲರಕ್ಷಕನಾಗುತ್ತಾನೆ. ವಾಗ್ವಾದದಲ್ಲಿ ಪಣಕ್ಕಿಟ್ಟಿರುವುದು ಇದನ್ನೇ.

ಪರಂಪರೆಯಲ್ಲಿ ಚಿರಂಜೀವಿಯಾದ ಅಶ್ವತ್ಥಾಮನಿಗೆ ಶ್ರೀಕಂಠಯ್ಯನವರು ಮರಣ ಕಲ್ಪಿಸಿದ್ದನ್ನು ಈ ನೆಲೆಯಿಂದ ಪರಿಶೀಲಿಸುವುದು ಉಚಿತ. ಸಾವಿಲ್ಲದವನಿಗೆ ಸಂಸ್ಕಾರವಿಲ್ಲ, ಸಂಸ್ಕಾರದ ಪ್ರಶ್ನೆಯಿಲ್ಲದೆಡೆ ವೈರಿಯ ಔದಾರ್ಯ ಪ್ರಕಟವಾಗಲು ಅವಕಾಶವೂ ಇಲ್ಲ. ಆದ್ದರಿಂದ ಈ ಬದಲಾವಣೆಯನ್ನು ಪುರಾಣದಿಂದಾದ ವಿಚಲನೆಯೆಂದಷ್ಟೇ ಎಣಿಸದೆ, ಗ್ರೀಕ್ ಐತಿಹ್ಯದ ತಿರುಳನ್ನು ಉಳಿಸಿಕೊಳ್ಳಲು ತೆತ್ತ ಬೆಲೆಯೆಂದು ಗ್ರಹಿಸಬಹುದಾಗಿದೆ.