ತಾಲ್ಲೂಕು ಪಟ್ಟಣದಲ್ಲಿ ವ್ಯಾಯಾಮ ಕೇಂದ್ರ: ಕಟ್ಟುವ ಬಗೆ, ಉಳಿಸುವ ಬಗೆ

ದೇಹಸಾಧನೆಯನ್ನು ಕಲಿಸುವ ವೃತ್ತಿ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಉಸ್ತಾದರ ಕಣ್ಣೆದುರು ಸಾಮು ಮಾಡಿ, ಗದೆ ತಿರುಗಿಸಿ, ಮಟ್ಟಿಯ ಮೇಲೆ ಕುಸ್ತಿ ಕಲಿಯುವ ಪರಂಪರೆ ಇಂದಿಗೂ ಉಳಿದಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಅದೇ ಊರಿನಲ್ಲಿ ಆರಂಭಿಸಿದ ಅಷ್ಟಾಂಗ ಯೋಗ ಸಂಸ್ಥೆಯು, ಹೆಚ್ಚಿನ ಸಲಕರಣೆಗಳ ಹಂಗಿಲ್ಲದೆ, ಕಲಿಸುವವರ ನಿಷ್ಠೆಯೊಂದರಿಂದಲೇ ಹೊರದೇಶಗಳ ವಿದ್ಯಾರ್ಥಿಗಳನ್ನು ಮೈಸೂರಿಗೆ ಕರೆತಂದಿತು. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ಯೂರ್‌ಫಿಟ್ ಕಂಪನಿಯೂ ತನ್ನ ಕಲ್ಟ್ ಕೇಂದ್ರಗಳಲ್ಲಿ ತರಬೇತುದಾರರು ಮುಂದೆ ನಿಂತು ನಡೆಸುವ ಗುಂಪು ತರಗತಿಗಳಿಗೇ ಪ್ರಾಮುಖ್ಯ ಕೊಟ್ಟು ಬೆಳೆಯಿತು.

ಈ ಸೇವೆಯ ಅಗತ್ಯ ಇಂದು ಎಷ್ಟಿದೆ ಎಂಬುದಕ್ಕೆ ಅಂಕಿಅಂಶವೇ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ, ಮಹಿಳೆಯರಲ್ಲಂತೂ ಸುಮಾರು ಶೇ 57ರಷ್ಟು ಮಂದಿ, ಆರೋಗ್ಯಕ್ಕೆ ಅಗತ್ಯವಾದಷ್ಟು ದೈಹಿಕ ಚಟುವಟಿಕೆ ನಡೆಸುತ್ತಿರಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ತೀವ್ರತೆಯ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಇರಬೇಕೆಂಬುದು ಆ ಸಂಸ್ಥೆ ವಯಸ್ಕರಿಗೆ ಮಾಡಿರುವ ಶಿಫಾರಸು. ಅಗತ್ಯ ಇಷ್ಟಿದ್ದರೂ ಉದ್ಯಮಕ್ಕೆ ಯಶಸ್ಸು ತಾನಾಗಿಯೇ ದೊರೆಯುವುದಿಲ್ಲ. ಹೊಸ ವರ್ಷದ ಉತ್ಸಾಹದಲ್ಲಿ ಸೇರಿದವರು ಏಪ್ರಿಲ್‌ನಲ್ಲೂ ಬರುತ್ತಿದ್ದಾರೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ಇಂಥ ಕೇಂದ್ರದ ಅಳಿವು ಉಳಿವು ನಿಂತಿರುತ್ತದೆ. ಸಾಧಾರಣ ಬಂಡವಾಳದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಪಟ್ಟಣದಲ್ಲಿ ಯೋಗ ಮತ್ತು ವ್ಯಾಯಾಮ ಕೇಂದ್ರವನ್ನು ತೆರೆಯಲು ಬಯಸುವವರು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಪ್ರತಿ ಹೆಜ್ಜೆಯನ್ನೂ ಇಡಬೇಕಾಗುತ್ತದೆ.

ಹಂತ 1: ಯಾರಿಗಾಗಿ ಎಂಬ ನಿರ್ಧಾರ

ಮೈಕಟ್ಟು ಬೆಳೆಸಲು ಬರುವ ಯುವಕರನ್ನೇ ಮನಸ್ಸಿನಲ್ಲಿಟ್ಟುಕೊಂಡು ತೆರೆಯುವ ಜಿಮ್‌ಗಳು ಪಟ್ಟಣಗಳಲ್ಲಿ ಈಗಾಗಲೇ ಇರುತ್ತವೆ. ಗೃಹಿಣಿಯರು, ಹೆರಿಗೆಯ ನಂತರ ವೈದ್ಯರ ಒಪ್ಪಿಗೆ ಪಡೆದ ತಾಯಂದಿರು, ದಿನವಿಡೀ ಕುಳಿತು ಕೆಲಸ ಮಾಡುವ ಬ್ಯಾಂಕ್ ಮತ್ತು ಕಚೇರಿ ನೌಕರರು, ಮಂಡಿನೋವಿನ ಅಂಜಿಕೆಯಿಂದ ನಡಿಗೆಯನ್ನೇ ಕಡಿಮೆ ಮಾಡಿದ ಹಿರಿಯರು ಇವರಿಗೆ ತಕ್ಕ ಜಾಗ ಮಾತ್ರ ಅಪರೂಪ. ಆದ್ದರಿಂದ ಜಾಗ ಹುಡುಕುವ ಮೊದಲೇ ಊರಿನ ಎರಡು ಮೂರು ಬಡಾವಣೆಗಳಲ್ಲಿ ಐವತ್ತು ಮನೆಗಳನ್ನಾದರೂ ಭೇಟಿ ಮಾಡಿ, ಯಾವ ಹೊತ್ತಿಗೆ ಬಿಡುವಿರುತ್ತದೆ, ಎಷ್ಟು ದೂರ ಬರಲು ಸಾಧ್ಯ, ತಿಂಗಳಿಗೆ ಎಷ್ಟು ಕೊಡಬಲ್ಲರು, ಹಿಂದೆ ಎಲ್ಲಾದರೂ ಸೇರಿ ಬಿಟ್ಟಿದ್ದರೆ ಬಿಟ್ಟ ಕಾರಣವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ಕೇಂದ್ರದ ವೇಳಾಪಟ್ಟಿಯನ್ನೂ ಸ್ವರೂಪವನ್ನೂ ರೂಪಿಸಬೇಕು.

ಹಂತ 2: ಕಲಿಸುವವರ ಅರ್ಹತೆ

ಉತ್ತಮ ಮೈಕಟ್ಟು ಇದ್ದ ಮಾತ್ರಕ್ಕೆ ಒಬ್ಬರು ಒಳ್ಳೆಯ ತರಬೇತುದಾರರಾಗುವುದಿಲ್ಲ. ಯೋಗ ಕಲಿಸುವವರಿಗೆ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯು ಪರೀಕ್ಷೆ ನಡೆಸಿ ವಿವಿಧ ಹಂತಗಳ ಪ್ರಮಾಣಪತ್ರ ನೀಡುತ್ತದೆ. ಜಿಮ್ ತರಬೇತುದಾರರಿಗೆ ಕ್ರೀಡೆ ಮತ್ತು ದೈಹಿಕ ಶಿಕ್ಷಣ ಕ್ಷೇತ್ರದ ಕೌಶಲ ಮಂಡಳಿಯ ಪ್ರಮಾಣಪತ್ರವಿದೆ. ಪ್ರಮಾಣಪತ್ರದ ಜೊತೆಗೆ, ನೇಮಕಕ್ಕೆ ಮುನ್ನ ಅಭ್ಯರ್ಥಿಯಿಂದ ಒಂದು ತರಗತಿ ಮಾಡಿಸಿ ನೋಡುವುದು ಸೂಕ್ತ. ಆಗ ಗಮನಿಸಬೇಕಾದದ್ದು ಅವರು ತಾವೇ ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಾರೆ ಎಂಬುದಕ್ಕಿಂತ ಹೆಚ್ಚಾಗಿ, ಹಿಂದಿನ ಸಾಲಿನಲ್ಲಿ ತಪ್ಪಾಗಿ ಬಾಗಿದವರನ್ನು ಗುರುತಿಸುತ್ತಾರೆಯೇ, ಅವರಿಗೆ ನೋವಾಗದಂತೆ, ಮುಜುಗರವಾಗದಂತೆ ತಿದ್ದುತ್ತಾರೆಯೇ ಎಂಬುದನ್ನು. ಮಹಿಳೆಯರ ತರಗತಿಗಳಿಗೆ ಮಹಿಳಾ ತರಬೇತುದಾರರನ್ನೇ ನೇಮಿಸುವುದು ಸಣ್ಣ ಪಟ್ಟಣಗಳಲ್ಲಿ ಅನಿವಾರ್ಯವೆಂದೇ ಹೇಳಬೇಕು.

ಹಂತ 3: ಜಾಗ ಮತ್ತು ಸಲಕರಣೆ

ಯೋಗದ ಚಾಪೆಯೊಂದು ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲವಿರುತ್ತದೆ. ಕೈಕಾಲು ಚಾಚಲು ಸುತ್ತ ಬೇಕಾದ ತೆರವನ್ನೂ ಸೇರಿಸಿದರೆ ಒಬ್ಬರಿಗೆ ಸುಮಾರು 30 ಚದರ ಅಡಿ ಹಿಡಿಯುತ್ತದೆ. ಅಂದರೆ 600 ಚದರ ಅಡಿಯ ಹಜಾರದಲ್ಲಿ ಒಂದು ತಂಡಕ್ಕೆ 20 ಮಂದಿ. ಗಾಳಿ, ಬೆಳಕು, ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸುವ ಪ್ರತ್ಯೇಕ ಕೋಣೆ, ದ್ವಿಚಕ್ರ ವಾಹನ ನಿಲ್ಲಿಸುವ ಸ್ಥಳ ಇವು ಇವೆಯೇ ಎಂದು ಬಾಡಿಗೆ ಕರಾರಿಗೆ ಮುನ್ನವೇ ನೋಡಬೇಕು. ತೂಕದ ಸಾಮಗ್ರಿ ಇಡುವುದಾದರೆ ನೆಲಮಹಡಿಯೇ ಮೇಲು. ಮೇಲಿನ ಮಹಡಿ ಅನಿವಾರ್ಯವಾದರೆ ಅದರ ಭಾರ ತಡೆಯುವ ಶಕ್ತಿಯನ್ನು ಸಿವಿಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷಿಸಿಕೊಳ್ಳಬೇಕು.

ಸಲಕರಣೆಯ ವಿಷಯದಲ್ಲಿ ಆರಂಭದಲ್ಲೇ ಕೈಬಿಚ್ಚಿ ಖರ್ಚು ಮಾಡುವುದು ಅಪಾಯಕಾರಿ. ಚಾಪೆಗಳು, ವಿವಿಧ ತೂಕದ ಡಂಬೆಲ್‌ಗಳು, ಎಳೆಯುವ ರಬ್ಬರ್ ಪಟ್ಟಿಗಳು, ಗಟ್ಟಿಮುಟ್ಟಾದ ಕುರ್ಚಿಗಳು, ಒಂದೆರಡು ಬಾರ್ ಮತ್ತು ತೂಕದ ಬಿಲ್ಲೆಗಳು, ರಬ್ಬರ್ ನೆಲಹಾಸು ಇಷ್ಟರಿಂದ ಮೊದಲ ಆರು ತಿಂಗಳ ತರಗತಿಗಳನ್ನು ನಡೆಸಬಹುದು. ಪ್ರಮಾಣಿತ ಬಾರ್ ಒಂದಕ್ಕೇ 20 ಕಿಲೋ ತೂಕ, ಏಳು ಅಡಿಗಿಂತ ಹೆಚ್ಚು ಉದ್ದ ಇರುವುದರಿಂದ, ಹೊಸಬರಿಗಾಗಿ ಹಗುರವಾದ ಬಾರ್ ಒಂದನ್ನು ಇಟ್ಟುಕೊಳ್ಳಬೇಕು. ಬಾರ್‌ನ ಎರಡೂ ತುದಿಗಳ ಆಚೆಗೆ ಜನ ಓಡಾಡದಂತೆ ಜಾಗ ಬಿಡಬೇಕು. ಟ್ರೆಡ್‌ಮಿಲ್‌ನಂಥ ದುಬಾರಿ ಯಂತ್ರಗಳನ್ನು ಸದಸ್ಯರ ಬೇಡಿಕೆ ಖಚಿತವಾದ ಮೇಲೆ ಕೊಂಡರೆ ಸಾಕು. ಕೊಂಡಾಗ ಅದರ ಹಿಂಬದಿಯಲ್ಲಿ ಆರು ಅಡಿಗೂ ಮೀರಿ ಜಾಗ ಖಾಲಿ ಬಿಡುವುದನ್ನು ಮರೆಯಬಾರದು, ಏಕೆಂದರೆ ಕಾಲು ತಪ್ಪಿದವರು ಬೀಳುವುದು ಹಿಂದಕ್ಕೆ.

ಹಂತ 4: ಲೆಕ್ಕಾಚಾರ

ಸದಸ್ಯರು ಬಂದರೂ ಬಾರದಿದ್ದರೂ ತಪ್ಪದೆ ತೆರಬೇಕಾದ ಹಣಕ್ಕೆ ಸ್ಥಿರ ವೆಚ್ಚ ಎನ್ನುತ್ತಾರೆ. ಉದಾಹರಣೆಗೆ ಬಾಡಿಗೆ 22,000, ಇಬ್ಬರು ತರಬೇತುದಾರರ ಸಂಬಳ 40,000, ಅರೆಕಾಲಿಕ ಸ್ವಚ್ಛತಾ ಸಿಬ್ಬಂದಿಗೆ 8,000, ವಿದ್ಯುತ್ ಮತ್ತು ನೀರು 7,000, ದುರಸ್ತಿ ನಿಧಿ 5,000, ಸಾಲದ ಕಂತು 13,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 95,000 ರೂಪಾಯಿ ಆಗುತ್ತದೆ. ಇದಕ್ಕೆ ಮಾಲೀಕರ ಸ್ವಂತ ದುಡಿಮೆಯ ಸಂಬಳವೆಂದು 25,000 ರೂಪಾಯಿಯನ್ನು ಸೇರಿಸಲೇಬೇಕು. ಅದನ್ನು ಬಿಟ್ಟು ತೋರಿಸಿದ ಲಾಭ ನಿಜವಾದ ಲಾಭವಲ್ಲ. ಒಟ್ಟು 1,20,000 ರೂಪಾಯಿಯನ್ನು 1,000 ರೂಪಾಯಿ ಮಾಸಿಕ ಶುಲ್ಕದಿಂದ ಸರಿದೂಗಿಸಲು 120 ಸದಸ್ಯರು ಬೇಕು. 20 ಮಂದಿಯ ತಂಡಗಳಾಗಿ ನೋಡಿದರೆ ದಿನಕ್ಕೆ ಆರು ತಂಡಗಳು ಸಂಪೂರ್ಣ ತುಂಬಬೇಕು, ಒಂದು ಸ್ಥಾನ ಖಾಲಿ ಬಿದ್ದರೂ ನಷ್ಟ. ಶುಲ್ಕ 1,200 ರೂಪಾಯಿಯಾದರೆ 100 ಸದಸ್ಯರು ಸಾಕು. ಶುಲ್ಕವನ್ನು ಪಕ್ಕದ ಜಿಮ್‌ಗಿಂತ ಕಡಿಮೆ ಇಡುವ ಹಟಕ್ಕೆ ಬೀಳುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು.

ವಾರ್ಷಿಕ ಶುಲ್ಕವನ್ನು ಒಮ್ಮೆಗೇ ಪಡೆದಾಗ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಜನವರಿಯಲ್ಲಿ ಬಂದ 12,000 ರೂಪಾಯಿಯಲ್ಲಿ ಆ ತಿಂಗಳ ಆದಾಯ 1,000 ಮಾತ್ರ. ಉಳಿದ 11,000 ಮುಂದೆ ಸಲ್ಲಿಸಬೇಕಾದ ಸೇವೆಯ ಋಣ. ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ತಿಂಗಳಿಗೊಂದು ಭಾಗದಂತೆ ತೆಗೆಯಬೇಕು. ಈ ಹಣದಿಂದ ಹೊಸ ಯಂತ್ರ ಕೊಂಡ ಕೇಂದ್ರವು ಮಳೆಗಾಲದಲ್ಲಿ ಸಂಬಳಕ್ಕೂ ಬಾಡಿಗೆಗೂ ಪರದಾಡಬೇಕಾಗುತ್ತದೆ. ಆರಂಭದ ಖರ್ಚಿನ ಹೊರತಾಗಿ ಕನಿಷ್ಠ ಆರು ತಿಂಗಳ ಸ್ಥಿರ ವೆಚ್ಚದಷ್ಟು ಹಣವನ್ನು, ಅಂದರೆ ದುಡಿಯುವ ಬಂಡವಾಳವನ್ನು, ಕೈಯಲ್ಲಿಟ್ಟುಕೊಳ್ಳದೆ ಬಾಗಿಲು ತೆರೆಯಬಾರದು.

ಹಂತ 5: ಸಾಲ ಮತ್ತು ಉದ್ಯಮ ತರಬೇತಿ

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗದಡಿ 50,000 ರೂಪಾಯಿವರೆಗೆ, ಕಿಶೋರ್ ವಿಭಾಗದಡಿ 5 ಲಕ್ಷದವರೆಗೆ, ತರುಣ್ ವಿಭಾಗದಡಿ 10 ಲಕ್ಷದವರೆಗೆ ಬ್ಯಾಂಕುಗಳು ಸಾಲ ನೀಡುತ್ತವೆ. ಸಹಾಯಧನ ಸಹಿತವಾದ ಇತರ ಯೋಜನೆಗಳ ಷರತ್ತುಗಳು ಆಗಾಗ ಬದಲಾಗುವುದರಿಂದ, ಅರ್ಜಿ ಹಾಕುವ ವರ್ಷದಲ್ಲಿ ಜಾರಿಯಲ್ಲಿರುವುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ವ್ಯವಹಾರದ ಅನುಭವವಿಲ್ಲದ ಯುವಜನರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾಗಿ ಇಂದು ಹಲವೆಡೆ ಶಾಖೆ ಹೊಂದಿರುವ ರುಡ್‌ಸೆಟ್ ಸಂಸ್ಥೆಯ ಉಚಿತ ಸ್ವಉದ್ಯೋಗ ತರಬೇತಿ ಮತ್ತು ಧಾರವಾಡದ ಸಿಡಾಕ್ ಸಂಸ್ಥೆಯ ಉದ್ಯಮಶೀಲತಾ ತರಬೇತಿ ನೆರವಾಗುತ್ತವೆ.

ಹಂತ 6: ನೋಂದಣಿ, ಪರವಾನಗಿ, ತೆರಿಗೆ

ಮೊದಲಿಗೆ ಉದ್ಯಮ್ ಜಾಲತಾಣದಲ್ಲಿ ಆಧಾರ್ ಸಂಖ್ಯೆಯ ಮೂಲಕ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ, ಆದ್ದರಿಂದ ಹಣ ಕೇಳುವ ಮಧ್ಯವರ್ತಿಗಳ ಅಗತ್ಯವೂ ಇಲ್ಲ. ನಂತರ ಪುರಸಭೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಅನ್ವಯ ಕಾರ್ಮಿಕ ಇಲಾಖೆಯ ನೋಂದಣಿಯ ಬಗ್ಗೆಯೂ, ವೃತ್ತಿ ತೆರಿಗೆಯ ಬಗ್ಗೆಯೂ ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯಬೇಕು. ಕನ್ನಡ ಬಳಕೆಯ ಕಾನೂನಿಗೆ 2024ರಲ್ಲಿ ತಂದ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಭಾಗ ಕನ್ನಡದಲ್ಲಿರುವುದು ಕಡ್ಡಾಯ. ತರಗತಿಯಲ್ಲಿ ಧ್ವನಿಮುದ್ರಿತ ಚಿತ್ರಗೀತೆಗಳನ್ನು ಹಾಕುವುದಾದರೆ ಕೃತಿಸ್ವಾಮ್ಯ ಹೊಂದಿದವರ ಪರವಾಗಿ ಪರವಾನಗಿ ನೀಡುವ ಸಂಸ್ಥೆಗಳ ಅನುಮತಿ ಬೇಕು.

ಸೇವಾ ವಲಯದಲ್ಲಿ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯ. ಜಿಮ್ ಮತ್ತು ಯೋಗ ಕೇಂದ್ರಗಳ ಸೇವೆಯ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದ್ದರೂ, ಸಲಕರಣೆ ಕೊಳ್ಳುವಾಗ ಮತ್ತು ಬಾಡಿಗೆ ಕೊಡುವಾಗ ಕಟ್ಟಿದ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವ ಅವಕಾಶ ಈ ದರದಲ್ಲಿ ಇಲ್ಲ. ಆದ್ದರಿಂದ ಖರೀದಿಯ ತೆರಿಗೆಯನ್ನು ವೆಚ್ಚವೆಂದೇ ಪರಿಗಣಿಸಿ ಶುಲ್ಕ ನಿಗದಿಪಡಿಸಬೇಕು.

ಹಂತ 7: ಮೊದಲ ದಿನದ ಪರಿಶೀಲನೆ ಮತ್ತು ಸುರಕ್ಷತೆ

ಸೇರುವ ಪ್ರತಿಯೊಬ್ಬರಿಂದಲೂ ಕನ್ನಡದಲ್ಲಿರುವ ಒಂದು ಪುಟದ ಆರೋಗ್ಯ ಪ್ರಶ್ನಾವಳಿ ತುಂಬಿಸಬೇಕು. ಹೃದಯದ ತೊಂದರೆ, ಎದೆನೋವು, ತಲೆಸುತ್ತು, ರಕ್ತದೊತ್ತಡ, ಮಧುಮೇಹ, ಕೀಲುನೋವು, ಈಚಿನ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದವರಿಂದ ವೈದ್ಯರ ಒಪ್ಪಿಗೆ ಪತ್ರ ಪಡೆದ ಮೇಲೆಯೇ ವ್ಯಾಯಾಮ ಆರಂಭಿಸಬೇಕು. ಈ ಮಾಹಿತಿಯನ್ನು ಬೀಗವಿರುವ ಕಪಾಟಿನಲ್ಲಿಡಬೇಕು. ಸದಸ್ಯರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸಬಾರದು.

ಅದೇ ದಿನ ಒಂದು ಸರಳ ಅಳತೆಯನ್ನೂ ದಾಖಲಿಸಬಹುದು. ಗೋಡೆಗೆ ಒರಗಿಸಿಟ್ಟ, ಕೈಹಿಡಿಯಿಲ್ಲದ ಕುರ್ಚಿಯ ಮೇಲೆ ಸದಸ್ಯರನ್ನು ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಸಿ, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಂತು ಮತ್ತೆ ಕೂರಬಲ್ಲರು ಎಂದು ಎಣಿಸುವ ಈ ಪರೀಕ್ಷೆಯನ್ನು ಹಿರಿಯರ ಕಾಲುಗಳ ಬಲ ಅಳೆಯಲು ವಿಶೇಷವಾಗಿ ಬಳಸುತ್ತಾರೆ. ಹನ್ನೆರಡು ವಾರಗಳ ನಂತರ ಅದೇ ಕುರ್ಚಿಯಲ್ಲಿ ಅದೇ ಪರೀಕ್ಷೆ ನಡೆಸಿದಾಗ ಸಂಖ್ಯೆ ಹೆಚ್ಚಿದ್ದರೆ, ತೂಕದ ಯಂತ್ರದಲ್ಲಿ ಬದಲಾವಣೆ ಕಾಣದವರಿಗೂ ತಮ್ಮ ಶ್ರಮ ಫಲ ಕೊಟ್ಟಿರುವುದು ಸ್ಪಷ್ಟವಾಗುತ್ತದೆ.

ಎಲ್ಲ ಸಿಬ್ಬಂದಿಗೂ ಹೃದಯಸ್ತಂಭನದ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬೇಕು. ಕುಸಿದವರು ಸ್ಪಂದಿಸದೆ, ಸರಿಯಾಗಿ ಉಸಿರಾಡದೆ ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕೆಂಬ ಸೂಚನೆಯನ್ನು ಗೋಡೆಯ ಮೇಲೆ ಎದ್ದು ಕಾಣುವಂತೆ ಬರೆಸಿಡಬೇಕು.

ಹಂತ 8: ಹಾಜರಿ ಉಳಿಸುವ ವ್ಯವಸ್ಥೆ

ಸೇರಿದ ಮೊದಲ ಮೂರು ತಿಂಗಳು ನಿರ್ಣಾಯಕ. ಆರಂಭದ ಎರಡು ವಾರ ಮೈಕೈ ನೋವು ತೀವ್ರವಾಗದಷ್ಟು ಹಗುರವಾದ ವ್ಯಾಯಾಮವನ್ನಷ್ಟೇ ಕೊಟ್ಟು ಕ್ರಮೇಣ ಹೆಚ್ಚಿಸಬೇಕು. ಮೊದಲ ದಿನವೇ ಬಳಲಿಸಿದರೆ ಮೂರನೆಯ ದಿನ ಸದಸ್ಯರು ಬರುವುದಿಲ್ಲ. ಹಾಜರಿ ಪುಸ್ತಕವನ್ನು ನಿತ್ಯ ನೋಡಿ, ಸತತ ನಾಲ್ಕು ದಿನ ಬಾರದವರಿಗೆ ತರಬೇತುದಾರರೇ ಕರೆ ಮಾಡಿ ಕ್ಷೇಮ ವಿಚಾರಿಸಬೇಕು. ತಿಂಗಳ ಕೊನೆಯಲ್ಲಿ ಎಷ್ಟು ಮಂದಿ ಹೊಸದಾಗಿ ಸೇರಿದರು ಎಂಬುದರ ಜೊತೆಗೆ, ಮೂರು ತಿಂಗಳ ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕವನ್ನೂ ಬರೆದಿಡಬೇಕು. ಎರಡನೆಯ ಲೆಕ್ಕ ಕುಸಿಯುತ್ತಿರುವಾಗ ಜಾಹೀರಾತಿಗೆ ಹಣ ಸುರಿಯುವುದು ವ್ಯರ್ಥ.

ಹಂತ 9: ಪ್ರಚಾರದಲ್ಲಿ ಪ್ರಾಮಾಣಿಕತೆ

ಮಧುಮೇಹ ವಾಸಿ ಮಾಡುತ್ತೇವೆ, ಹತ್ತು ದಿನದಲ್ಲಿ ಹತ್ತು ಕಿಲೋ ಇಳಿಸುತ್ತೇವೆ ಎಂಬಂಥ ಘೋಷಣೆಗಳು ಜನರ ಆರೋಗ್ಯಕ್ಕೆ ಅಪಾಯ ತರುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತು ದಂಡನೀಯ. ಪ್ರೋಟೀನ್ ಪುಡಿಯಂಥ ಆಹಾರ ಪದಾರ್ಥ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಗತ್ಯ. ಮೈಕಟ್ಟನ್ನು ಬೇಗ ಬೆಳೆಸುವುದಾಗಿ ನಂಬಿಸುವ ಹಾರ್ಮೋನ್ ಚುಚ್ಚುಮದ್ದುಗಳಿಗೆ ಕೇಂದ್ರದೊಳಗೆ ಪ್ರವೇಶವೇ ಇರಬಾರದು. ಶುಲ್ಕ, ಅವಧಿ ಮತ್ತು ಹಣ ಹಿಂತಿರುಗಿಸುವ ನಿಯಮಗಳನ್ನು ಸರಳ ಕನ್ನಡದಲ್ಲಿ ಮುದ್ರಿಸಿ ರಸೀದಿಯ ಜೊತೆಗೇ ಕೊಡಬೇಕು.

ಕ್ಷೇಮದ ಹೆಸರಿನಲ್ಲಿ ನಡೆಯುವ ಉದ್ಯಮವು ತನ್ನ ಲಾಭವನ್ನು ಸದಸ್ಯರ ಕ್ಷೇಮದಿಂದಲೇ ಪಡೆಯಬೇಕು. ಶುಲ್ಕ ಕಟ್ಟಿ ಮನೆಯಲ್ಲೇ ಉಳಿದವರಿಂದ ಬಂದ ಹಣ ಕೇಂದ್ರವನ್ನು ಒಂದು ವರ್ಷ ನಡೆಸಬಹುದು. ತಪ್ಪದೆ ಬಂದು ಗುಣ ಕಂಡವರು ಮಾತ್ರ ನೆರೆಹೊರೆಯವರನ್ನೂ ಕರೆತರುತ್ತಾರೆ. ಹೊಸದಾಗಿ ಕೇಂದ್ರ ತೆರೆಯಲು ಹೊರಟವರು ಯಂತ್ರಗಳ ಬೆಲೆಪಟ್ಟಿಯನ್ನು ಬದಿಗಿಟ್ಟು, ಮೊದಲು ತಮ್ಮ ಬಡಾವಣೆಯ ಐವತ್ತು ಮನೆಗಳ ಬಾಗಿಲು ತಟ್ಟಲಿ.