ಮೊದಲಿಗರಲ್ಲಿ ಮೊದಲಿಗನಾರು?

ನೂರು ಮಂದಿಯ ತರಗತಿಯಲ್ಲಿ ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವುದು ಪರೀಕ್ಷೆಗೆ ಕಷ್ಟವಲ್ಲ. ಆದರೆ ಎಲ್ಲರೂ ಬಲ್ಲವರೇ ಆಗಿರುವ ಗುಂಪಿನಲ್ಲಿ ಮೊದಲನೆಯವರಾರು, ಎರಡನೆಯವರಾರು ಎಂದು ಹೇಳಹೊರಟಾಗ ಅದೇ ಪರೀಕ್ಷೆ ತಡವರಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪರೀಕ್ಷೆಯ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ.

‘ಟ್ರೈಪಾಸ್’ ಎಂಬ ಆ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ‘ರ‍್ಯಾಂಗ್ಲರ್’ ಎಂದೂ, ಅವರಲ್ಲಿ ಅಗ್ರಗಣ್ಯನಿಗೆ ‘ಸೀನಿಯರ್ ರ‍್ಯಾಂಗ್ಲರ್’ ಎಂದೂ ಹೆಸರು. 1899ರಲ್ಲಿ ಆ ಅಗ್ರಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡ ರಘುನಾಥ ಪುರುಷೋತ್ತಮ ಪರಾಂಜಪೆಯವರು ಅದನ್ನು ಪಡೆದ ಮೊದಲ ಭಾರತೀಯರು.

1845ರಲ್ಲಿ ಸ್ಟೀಫನ್ ಪಾರ್ಕಿನ್ಸನ್ ಮೊದಲಿಗ. ಮುಂದೆ ಕೆಲ್ವಿನ್ ಪ್ರಭುವೆಂದು ಖ್ಯಾತಿವೆತ್ತ ವಿಲಿಯಂ ಥಾಮ್ಸನ್ ಎರಡನೆಯವ. ತರುವಾಯ ಅವರಿಬ್ಬರೂ ಸ್ಮಿತ್ ಬಹುಮಾನದ ಪರೀಕ್ಷೆಗೆ ಕುಳಿತಾಗ ಥಾಮ್ಸನ್ ಮೊದಲಿಗನಾದ. 1854ರಲ್ಲಿ ಎಡ್ವರ್ಡ್ ರೌತ್ ಮೊದಲಿಗ, ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎರಡನೆಯವ; ಸ್ಮಿತ್ ಬಹುಮಾನದಲ್ಲಾದರೋ ಇಬ್ಬರೂ ಸರಿಸಮರು. ವ್ಯಕ್ತಿಗಳು ಅವರೇ, ವಿದ್ಯೆಯೂ ಅದೇ. ಬದಲಾದುದು ಪ್ರಶ್ನೆಗಳ ಸ್ವರೂಪ ಮಾತ್ರ. ಟ್ರೈಪಾಸ್ ವೇಗವನ್ನೂ ಅಭ್ಯಾಸಬಲವನ್ನೂ ಬಹಳವಾಗಿ ಬೇಡುತ್ತಿತ್ತು. ಇನ್ನೊಂದು ಪರೀಕ್ಷೆ ಆಳವಾದ ಆಲೋಚನೆಗೆ ಹೆಚ್ಚು ಎಡೆಗೊಡುತ್ತಿತ್ತು.

ಹಾಗೆಂದು ಆ ಪಟ್ಟಿ ಸುಳ್ಳೆನ್ನಲಾಗದು. 1865ರ ಮೊದಲಿಗ ರೇಲೇ 1904ರಲ್ಲಿ ನೊಬೆಲ್ ಬಹುಮಾನ ಪಡೆದ. 1880ರ ಎರಡನೆಯವ ಜೆ. ಜೆ. ಥಾಮ್ಸನ್ 1906ರಲ್ಲಿ ಪಡೆದ. ಪ್ರತಿಭೆಯುಳ್ಳವರನ್ನು ಮೇಲಿನ ಸಾಲಿಗೆ ತರುವಲ್ಲಿ ಪರೀಕ್ಷೆ ಗೆದ್ದಿತ್ತು. ಆ ಸಾಲಿನೊಳಗೆ ಹಿರಿಕಿರಿಯರನ್ನು ಗೊತ್ತುಮಾಡುವಲ್ಲಿ ಮಾತ್ರ ಅದರ ಶಕ್ತಿ ಸಾಲದಾಯಿತು. ಭತ್ತ ಅಳೆಯುವ ಕೊಳಗದಿಂದ ಬಂಗಾರವನ್ನು ಅಳೆಯಬಹುದೆ? ಇಬ್ಬರ ನಡುವಣ ಅಂತರ ಒಂದೆರಡು ಅಂಕಗಳಾಗಿದ್ದು, ಅಂದಿನ ತಲೆನೋವು, ಆಯ್ದ ಪ್ರಶ್ನೆ, ಪರೀಕ್ಷಕರ ಕೈಯ ಬಿಗಿ ಇವುಗಳಿಂದಲೇ ಅಷ್ಟು ಅಂಕ ಏರುಪೇರಾಗುವಂತಿದ್ದರೆ, ಆ ಅಂತರಕ್ಕೆ ಅರ್ಥವೇನು?

1898ರಲ್ಲಿ ನಾಲ್ಕನೆಯವನಾಗಿದ್ದ, ಮುಂದೆ ರಾಮಾನುಜನ್ನರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ ಈ ಪದ್ಧತಿಯನ್ನು ವಿರೋಧಿಸಿದವರಲ್ಲಿ ಪ್ರಮುಖ. 1909ರ ಬಳಿಕ ವರ್ಗಗಳನ್ನು ಉಳಿಸಿಕೊಂಡು, ವರ್ಗದೊಳಗಿನ ಸ್ಥಾನಗಳನ್ನು ಪ್ರಕಟಿಸುವುದನ್ನು ಕೈಬಿಟ್ಟರು.

ಆದರೂ ಒಂದೇ ವಿದ್ಯಾರ್ಥಿವೇತನಕ್ಕೆ ಹತ್ತು ಮಂದಿ ಅರ್ಹರಿರುವಾಗ ಆಯ್ಕೆ ಅನಿವಾರ್ಯ. ಆಗ ಬಗೆಬಗೆಯ ಪರೀಕ್ಷೆಗಳಿಂದ ನೋಡುವುದು ಲೇಸು. ಅವುಗಳಲ್ಲಿಯೂ ಸರಿಸಮರಾದವರ ನಡುವೆ ಒಬ್ಬನನ್ನು ಆರಿಸಬೇಕಾದರೆ, ವೇತನ ಒಂದೇ ಇದ್ದುದರಿಂದ ಆರಿಸಿದೆವೆಂದು ಹೇಳುವುದೇ ನ್ಯಾಯ. ಉಳಿದವರು ಕಡಮೆಯವರೆಂದು ಅದರಿಂದ ಸಿದ್ಧವಾಗುವುದಿಲ್ಲ.